ಕೆಂಪು ಹೆಬ್ಬೆಟ್ಟಿನ ಪುಸ್ತಕ

ಆಷಾಢದ ಮೊದಲ ಸೋಮವಾರ ಬೆಳಿಗ್ಗೆ ಊರಿನ ಪುಸ್ತಕ ಮಂಡಳಿಯವರು ನಮ್ಮ ಕೇರಿಯ ಓದುಮನೆಯಿಂದ ನಲವತ್ತೊಂದು ಮಸೂರಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಹೋದರು. ಬಾಗಿಲ ಬಳಿ ನಿಂತಿದ್ದ ದೇವೀರಮ್ಮನ ಮೂಗಿನ ಮೇಲಿಂದ ಕನ್ನಡಕವನ್ನೂ ತೆಗೆದುಕೊಂಡರು. ರಸೀತಿ ಕೊಡಲಿಲ್ಲ.

ನಮ್ಮ ಕೇರಿಯವರು ಮೂರು ತಲೆಮಾರಿನಿಂದ ಊರಿನ ಗಾಜಿನ ಮಿಲ್ಲಿನಲ್ಲಿ ಮಸೂರ ಉಜ್ಜುವವರು. ಗೀಚು ಬಿದ್ದದ್ದು, ಅಂಚು ಒಡೆದದ್ದು, ಒಳಗೆ ಗುಳ್ಳೆ ಕೂತದ್ದು ಮಿಲ್ಲಿನ ಹಿಂದಿನ ಗುಂಡಿಗೆ ಬೀಳುತ್ತದೆ. ನಮ್ಮ ಹಿರಿಯರು ಆ ಗುಂಡಿಗಿಳಿದು, ಕೈ ಕೊಯ್ದುಕೊಂಡು, ಒಂದೊಂದಾಗಿ ಆರಿಸಿ ತಂದಿದ್ದ ಮಸೂರಗಳು ಅವು. ಮಂಡಳಿಯ ಪರಿಶೀಲಕ ಶ್ರೀಪಾದಯ್ಯನವರು ಬಗಲಚೀಲದಿಂದ ನಿಯಮದ ಪುಸ್ತಕ ತೆಗೆದು ಬಿಡಿಸಿದರು. "ಗುಂಡಿಗೆ ಬಿದ್ದದ್ದೂ ಮಿಲ್ಲಿನ ಸ್ವತ್ತೇ. ಇಲ್ಲಿದೆ ನೋಡಿ," ಎಂದು ಪುಟದ ಮೇಲೆ ಬೆರಳಿಟ್ಟರು. ಪುಟದ ಕಡೆ ಅವರು ನೋಡಲಿಲ್ಲ. ನಾನು ನೋಡಿದೆ. ಅಕ್ಷರಗಳು ಅವರೆಕಾಳಿನಷ್ಟು ದಪ್ಪಗೆ ಕೂತಿದ್ದವು. ಅಚ್ಚಾದ ದಿನದಿಂದ ಆ ಪುಟವನ್ನು ಯಾರೂ ಓದಿರಲಿಲ್ಲ.

ನಮ್ಮೂರಿನಲ್ಲಿ ಓದಿದಷ್ಟೂ ಅಕ್ಷರ ಕುಗ್ಗುತ್ತದೆ. ಅವರೆಕಾಳಿನಷ್ಟಿದ್ದದ್ದು ರಾಗಿಕಾಳಾಗುತ್ತದೆ, ರಾಗಿ ಗಸಗಸೆಯಾಗುತ್ತದೆ, ಗಸಗಸೆ ಧೂಳು. ಆಮೇಲೆ ಬಿಳಿ ಕಾಗದ. ಸಣ್ಣದಾದಷ್ಟೂ ಬೇಗ ಕುಗ್ಗುತ್ತದೆ. ನಕಲು ಮಾಡಿಟ್ಟರೂ ಶಾಯಿ ಒಣಗುವಷ್ಟರಲ್ಲಿ ನಕಲೂ ಮೂಲದಷ್ಟೇ ಸಣ್ಣದಾಗಿ ಕೂರುತ್ತದೆ. ಅದಕ್ಕೇ ನಮ್ಮ ಓದುಮನೆಯಲ್ಲಿ ಒಬ್ಬರು ಓದುವುದು, ಉಳಿದವರು ಕೇಳುವುದು. ಇಪ್ಪತ್ತಮೂರು ಜನಕ್ಕೆ ಒಂದೇ ಸವೆತ. ಅಷ್ಟು ಜೋಪಾನ ಮಾಡಿದರೂ ನಮ್ಮ ಕಪಾಟಿನಲ್ಲಿ ಮುಕ್ಕಾಲು ಪಾಲು ಗಸಗಸೆ, ಎಲ್ಲರಿಗೂ ಬೇಕಾದವೆಲ್ಲ ಧೂಳು. ಮಸೂರವಿಲ್ಲದೆ ನಮ್ಮ ಪುಸ್ತಕಗಳು ಮಸಿ ಮೆತ್ತಿದ ಕಾಗದ.

ಶ್ರೀಪಾದಯ್ಯನವರು ಹೊಸ್ತಿಲು ದಾಟುತ್ತ ಇನ್ನೊಂದು ಮಾತು ಹೇಳಿದರು. "ಕಾರ್ತಿಕದ ಕೊನೇ ಶುಕ್ರವಾರ ಬರ್ತೀನಿ. ಇಲ್ಲಿರೋ ಯಾವ ಪುಸ್ತಕ ತೆಗೆದು ಕೊಟ್ಟರೂ ಓದೋರು ಒಬ್ಬರಾದ್ರೂ ಇರಬೇಕು. ಓದೋರೇ ಇಲ್ಲದ ಮೇಲೆ ಓದುಮನೆ ಹೇಗಾಗುತ್ತೆ? ಮಿಲ್ಲಿಗೆ ಬೇರೆ ಗೋದಾಮು ಸಾಲದಾಗಿದೆ."

ಇಪ್ಪತ್ತೊಂದು ಶುಕ್ರವಾರ. ನಾನು ಅಲ್ಲೇ ಬೆರಳು ಮಡಚಿ ಎಣಿಸಿದ್ದು ನೆನಪಿದೆ.

ದೇವೀರಮ್ಮ ನಮ್ಮ ಓದುಮನೆ ಕಟ್ಟಿದವಳು. ಮಿಲ್ಲಿನಲ್ಲಿ ಮೂವತ್ತೆಂಟು ವರ್ಷ ಗಾಜು ತೊಳೆದವಳು. ಕನ್ನಡಕ ಹೋದ ಮೇಲೆ ಎದುರಿಗಿದ್ದವರ ಮುಖದ ಬದಲು ದನಿ ಬಂದ ದಿಕ್ಕಿಗೆ ನೋಡಿ ಮಾತಾಡತೊಡಗಿದ್ದಳು. ಅವತ್ತು ಸಂಜೆಗೆ ಮೊದಲೇ ಎಲ್ಲರನ್ನೂ ಕೂರಿಸಿದಳು. "ಕಿತ್ಕೊಂಡೋದ್ರು. ಹೋಗ್ಲಿ ಬುಡಿ. ಊರಿಗೆಲ್ಲ ಮಸೂರ ಉಜ್ಜಿ ಕೊಡೋರು ನಾವು. ನಮ್ಗೆ ನಾವೇ ಮಾಡ್ಕೊಳಕ್ಕಾಗಲ್ವಾ?"

ಸಣ್ಣೀರಯ್ಯ ನಕ್ಕ. ಮಿಲ್ಲಿನಲ್ಲಿ ಅವನಷ್ಟು ನುಣುಪಾಗಿ ಉಜ್ಜುವವರು ಇನ್ನೊಬ್ಬರಿಲ್ಲ, ಅವನಷ್ಟು ಕಹಿ ನಾಲಿಗೆಯವರೂ ಇಲ್ಲ. "ಉಜ್ಜೋದು ಬತ್ತದೆ ಕಣವ್ವ. ಯಾವ ಬಾಗಿನ ಬಟ್ಲಲ್ಲಿ ಗಾಜನ್ನ ಎಷ್ಟು ಉಜ್ಬೇಕು ಅನ್ನೋದು ಮಿಲ್ಲಿನ ಮಹಡಿ ಆಪೀಸಿಂದ ಚೀಟೀಲಿ ಬತ್ತದೆ. ಏಳ್ನೇ ಬಟ್ಲು, ನಾನೂರು ಸುತ್ತು. ಅಷ್ಟೆಯ. ಯಾಕೆ ಏಳು, ಯಾಕೆ ಎಂಟಲ್ಲ ಅಂತ ಕೇಳಿದ್ದಕ್ಕೇ ನಮ್ಮಪ್ಪನ್ನ ಕೆಲಸದಿಂದ ತೆಗೆದಿದ್ದು."

"ಮಹಡಿಯೋರು ಹೊಟ್ಟೇಲೆ ಕಲ್ತು ಬಂದ್ರೇನೋ? ಪುಸ್ತಕ ಓದಿ ಕಲ್ತಿರ್ತಾರೆ," ಎಂದಳು ದೇವೀರಮ್ಮ. "ಆ ಪುಸ್ತಕ ತರಾನ. ಚಿಕ್ಕತಾಯಿ, ನೀನೋಗು."

ಚಿಕ್ಕತಾಯಿ ನಾನು. ಕೇರಿಯಲ್ಲಿ ಬರಿಗಣ್ಣಿಗೆ ರಾಗಿಕಾಳಿನ ಅಕ್ಷರ ಕಾಣುವವಳು ನಾನೊಬ್ಬಳೇ ಉಳಿದಿದ್ದೆ. ಬೇಡ ಅನ್ನಲು ಬಾಯಿ ತೆರೆದೆ. ಇಪ್ಪತ್ತಮೂರು ಜನ ನನ್ನ ಕಣ್ಣನ್ನೇ ನೋಡುತ್ತಿದ್ದರು, ಕೊನೆಯ ಎರಡು ಮಸೂರಗಳನ್ನು ನೋಡುವ ಹಾಗೆ.

ಮಂಡಳಿಯ ದೊಡ್ಡ ಪುಸ್ತಕಾಲಯದಿಂದ ಪ್ರತಿ ಕೇರಿಗೂ ವರ್ಷಕ್ಕೆ ಎರಡು ಪುಸ್ತಕ. ಆರಿಸಲು ಒಂದು ಮಧ್ಯಾಹ್ನ. ತಪ್ಪಾಯಿತು, ಬದಲಿಸಿ ಕೊಡಿ ಎಂದರೆ ಇಲ್ಲ. ಮತ್ತೆ, ಒಳಗೆ ಓದುವಂತಿಲ್ಲ. ಬೆತ್ತದ ಕುರ್ಚಿಯಲ್ಲಿ ಕೂತ ಕಾವಲಿನವನು ಬಂದವರ ತುಟಿ ನೋಡುತ್ತಾನೆ, ಕಣ್ಣು ನೋಡುತ್ತಾನೆ. ಕಣ್ಣು ಎಡದಿಂದ ಬಲಕ್ಕೆ ಹರಿದರೆ ಮುಗಿಯಿತು, ಬರಿಗೈಯಲ್ಲಿ ಹೊರಗೆ. ಓದದೆಯೇ ಒಳ್ಳೆಯ ಪುಸ್ತಕ ಯಾವುದೆಂದು ತಿಳಿಯಬೇಕು. ನಾನು ದಾರಿಯುದ್ದಕ್ಕೂ ಗೋಡೆಯ ಮೇಲಿನ ಬರಹಗಳನ್ನು ಓದದೆ ನೋಡುವುದನ್ನು ಅಭ್ಯಾಸ ಮಾಡಿಕೊಂಡು ಹೋದೆ.

ಮಸೂರದ ವಿಷಯದ ಪುಸ್ತಕಗಳು ಹನ್ನೊಂದಿದ್ದವು. ಮೊದಲನೆಯದು ಚಿನ್ನದ ಅಂಚಿನದು, ಮಿಲ್ಲಿನ ಯಜಮಾನರ ಭಾವಮೈದುನ ಬರೆದದ್ದು. ತೆರೆದರೆ ಅಕ್ಷರಗಳು ಮೊದಲಿನಿಂದ ಕೊನೆಯವರೆಗೂ ಅವರೆಕಾಳು. ಬರೆದವನೂ ಎರಡನೇ ಸಲ ಓದಿದಂತಿರಲಿಲ್ಲ. ಇನ್ನೊಂದರಲ್ಲಿ ಮೊದಲ ಹನ್ನೆರಡು ಪುಟ ಗಸಗಸೆ, ಹದಿಮೂರರಿಂದ ಆಚೆಗೆಲ್ಲ ಅವರೆಕಾಳು. ಹನ್ನೆರಡನೇ ಪುಟದಲ್ಲಿ ಅದೇನಿತ್ತೋ, ಅಲ್ಲಿಯವರೆಗೆ ಬಂದವರೆಲ್ಲ ಹೆದರಿ ಓಡಿದ್ದರು. ಹೀಗೆ ಒಂದೊಂದನ್ನೂ ತೆಗೆದು, ಕಣ್ಣನ್ನು ಸಡಿಲ ಬಿಟ್ಟು, ಹರವಿದ ಕಾಳು ನೋಡುವ ಹಾಗೆ ನೋಡಿ ಇಡುತ್ತ ಬಂದೆ. ಕಾವಲಿನವನು ಕೆಮ್ಮಿದಾಗಲೆಲ್ಲ ನನ್ನ ಕಣ್ಣು ಹರಿಯಿತೇನೋ ಎಂದು ರೆಪ್ಪೆ ಮುಚ್ಚಿಕೊಳ್ಳುತ್ತಿದ್ದೆ.

ಒಂಬತ್ತನೆಯದು ಮೊದಲಿನಿಂದ ಕೊನೆಯವರೆಗೂ ಒಂದೇ ಸಮ ಗಸಗಸೆ. ನನಗೆ ಕುಣಿಯುವಷ್ಟು ಖುಷಿಯಾಯಿತು. ನಮ್ಮ ಕೇರಿಯಲ್ಲಿ ಹುಟ್ಟಿದ ಯಾರಿಗಾದರೂ ಆಗುತ್ತಿತ್ತು. ಸಣ್ಣಕ್ಷರದ ಪುಸ್ತಕವೆಂದರೆ ನೂರಾರು ಜನ ಹಚ್ಚಿಕೊಂಡ ಪುಸ್ತಕ, ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳಬೇಕು ಎಂದು ನಮಗೆ ಹಾಲು ಬಿಡಿಸುವ ಮೊದಲೇ ಹೇಳಿಕೊಟ್ಟಿರುತ್ತಾರೆ. ಅದನ್ನು ಕಂಕುಳಿಗೆ ಸೇರಿಸಿದೆ.

ಹತ್ತನೆಯದಕ್ಕೆ ರಟ್ಟಿರಲಿಲ್ಲ. ಅಕ್ಷರಗಳಿಗೆ ಹದವೇ ಇರಲಿಲ್ಲ. ಮೊದಲ ಕೆಲವು ಪುಟ ರಾಗಿ, ಆಮೇಲೆ ಅಲ್ಲೊಂದು ಕಡೆ ಅವರೆ, ನಡುವೆ ಒಂದು ಅಧ್ಯಾಯ ಗಸಗಸೆಗಿಂತಲೂ ಸಣ್ಣ, ಮತ್ತೆ ರಾಗಿ. ಇದೇನು ಇಲಿ ತಿಂದ ಹಾಗಿದೆ ಎಂದು ಮುಚ್ಚಿಡುವವಳಿದ್ದೆ. ಆ ಸಣ್ಣಕ್ಷರದ ಪುಟದ ಮೂಲೆಯಲ್ಲಿ ಒಂದು ಹೆಬ್ಬೆಟ್ಟಿನ ಗುರುತು ಕಂಡಿತು. ಇಟ್ಟಿಗೆಗೆಂಪು. ಗಾಜಿಗೆ ಕೊನೆಯ ಹೊಳಪು ಕೊಡುವ ಕೆಂಪು ಪುಡಿಯ ಬಣ್ಣ ಅದು. ಎಷ್ಟು ತೊಳೆದರೂ ಉಗುರಿನ ಸಂದಿಯಿಂದ ಹೋಗುವುದಿಲ್ಲ. ಮಹಡಿಯವರು ಆ ಪುಡಿ ಮುಟ್ಟುವುದಿಲ್ಲ. ಯಾವ ಕಾಲದಲ್ಲೋ ನಮ್ಮವರೊಬ್ಬರು ಈ ಕಪಾಟಿನವರೆಗೂ ಬಂದಿದ್ದರು. ಬಂದು, ಇಷ್ಟು ಪುಸ್ತಕಗಳಲ್ಲಿ ಇದನ್ನೇ ಒಯ್ದು, ಈ ಪುಟದಲ್ಲೇ ಬೆರಳಿಟ್ಟು ನಿಂತಿದ್ದರು.

ಗಂಟೆ ಬಾರಿಸಿತು. ಹನ್ನೊಂದನೆಯದನ್ನು ತೆರೆಯಲೇ ಇಲ್ಲ.

ಕೇರಿಗೆ ಬಂದಾಗ ಎಲ್ಲರೂ ಗಸಗಸೆ ಪುಸ್ತಕವನ್ನು ಮುಟ್ಟಿ ಮುಟ್ಟಿ ನೋಡಿದರು. ರಟ್ಟಿಲ್ಲದ್ದನ್ನು ಕಂಡು ಸಣ್ಣೀರಯ್ಯ, "ಇದ್ಯಾಕವ್ವ ತಂದೆ, ಪೊಟ್ಣ ಕಟ್ಟಕ್ಕಾ?" ಎಂದ. ನಾನು ಹೆಬ್ಬೆಟ್ಟು ತೋರಿಸಿದೆ. ಅವನು ತನ್ನ ಹೆಬ್ಬೆಟ್ಟನ್ನು ಅದರ ಪಕ್ಕ ಹಿಡಿದು ನೋಡಿದ.

ಗಸಗಸೆಗೆ ಮಸೂರ ಬೇಕು; ನಮ್ಮಲ್ಲಿ ಇದ್ದದ್ದು ನನ್ನ ಬರಿಗಣ್ಣು. ಹಾಗಾಗಿ ರಟ್ಟಿಲ್ಲದ ಪುಸ್ತಕದ ರಾಗಿಕಾಳಿನ ಪುಟಗಳಿಂದ ಶುರು ಮಾಡಿದೆವು. ಭಾನುವಾರದ ಮಧ್ಯಾಹ್ನದ ಬಿಸಿಲಿನಲ್ಲಿ, ಅಂಗಳದಲ್ಲಿ ಕೂತು ಓದಿದೆ. ಆ ಪುಸ್ತಕ ಬರೆದವರು ಯಾರೋ, ಎದುರಿಗೆ ಕೂತವನ ಕೈ ಹಿಡಿದು ಹೇಳುವ ಹಾಗೆ ಬರೆದಿದ್ದರು. ಒಂದು ಮಾತು, ತಕ್ಷಣ ಅದನ್ನು ಮಾಡಿ ನೋಡುವ ಬಗೆ. ಮೂರನೇ ಪುಟದಲ್ಲಿ ಒಂದು ವಾಕ್ಯ ಬಂತು: ಒಂದು ಮೈ ಚಪ್ಪಟೆ, ಒಂದು ಮೈ ಉಬ್ಬು ಇರುವ ಮಾಮೂಲಿ ಗಾಜಿನ ಮಸೂರದಲ್ಲಿ, ಉಜ್ಜಿದ ಬಟ್ಟಲಿನ ಬಾಗಿನ ಅರ್ಧವ್ಯಾಸ ಎಷ್ಟೋ ಅದರ ಹೆಚ್ಚುಕಡಿಮೆ ಎರಡು ಪಟ್ಟು ದೂರದಲ್ಲಿ ಬಿಸಿಲು ಒಂದು ಚುಕ್ಕೆಯಾಗಿ ಸೇರುತ್ತದೆ, ಆ ದೂರ ಕಡಿಮೆಯಾದಷ್ಟೂ ಮಸೂರ ಹೆಚ್ಚು ದೊಡ್ಡದು ಮಾಡಿ ತೋರಿಸುತ್ತದೆ.

ಸಣ್ಣೀರಯ್ಯ ಎದ್ದು ನಿಂತ. "ಇಷ್ಟೇನಾ?" ಎಂದ. "ಮೂವತ್ತೊರ್ಷ ಉಜ್ಜಿವ್ನಿ. ಇಷ್ಟೇನಾ? ಬಟ್ಲು ಚಿಕ್ದಾದ್ರೆ ಅಕ್ಷರ ದಪ್ಪ, ಇದನ್ನ ಹೇಳಕ್ಕೆ ಮಹಡಿ ಬೇಕಿತ್ತಾ? ಇದನ್ನ ಕೇಳಿದ್ದಕ್ಕೆ ನಮ್ಮಪ್ಪ ಬೀದೀಲಿ ಕುಂತು ಸತ್ನಾ?" ಅವನು ಬಾವಿಯ ಕಡೆ ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಕೂತ. "ಓದವ್ವ," ಎಂದ.

ಮಿಲ್ಲಿನ ಬಟ್ಟಲು ಹೊರಗೆ ತರುವಂತಿರಲಿಲ್ಲ. ಬಾಗಿಲಲ್ಲಿ ಸೆರಗು ಕೊಡವಿಸಿ ನೋಡುತ್ತಿದ್ದರು. ದೇವೀರಮ್ಮ ಕೇರಿಯ ಎಲ್ಲ ಮನೆಗಳಿಂದ ಸೌಟು ತರಿಸಿದಳು. ಕಬ್ಬಿಣದ ಸೌಟು, ಹಿತ್ತಾಳೆ ಸೌಟು, ತುಪ್ಪ ಬಡಿಸುವ ಮಿಳ್ಳೆ. ಅಂಗಳದಲ್ಲಿ ರಾಶಿ ಹಾಕಿ, ಕಡ್ಡಿಯಿಟ್ಟು ಒಂದೊಂದರ ಬಾಗನ್ನೂ ಅಳೆದೆವು. ಎರಡು ತಿಂಗಳು ನಮ್ಮ ಕೇರಿಯಲ್ಲಿ ಸಾರು ಬಡಿಸಿದ್ದು ಲೋಟದಲ್ಲಿ. ಒಡೆದ ಸೋಡಾ ಬಾಟಲಿಗಳ ತಳ ಗಾಜಾಯಿತು, ಹೊಳೆಯ ಮರಳು ಸೋಸಿ ಉಜ್ಜುವ ಪುಡಿಯಾಯಿತು. ಹೊಳಪಿಗೆ ಬೇಕಾದ ಕೆಂಪು ಪುಡಿಯನ್ನು ಮಿಲ್ಲಿನಿಂದ ಬರುವ ಹೆಂಗಸರ ಉಗುರಿನಿಂದ ಕೆರೆದು ಕೂಡಿಟ್ಟೆವು. ಉಗುರನ್ನು ಯಾರೂ ಕೊಡವಿ ನೋಡುತ್ತಿರಲಿಲ್ಲ.

ಭಾದ್ರಪದದ ಕೊನೆಗೆ ಮೊದಲ ಮಸೂರ ಸಿದ್ಧವಾಯಿತು. ಹಸಿರು ಛಾಯೆ, ಅಂಚಿನಲ್ಲಿ ಮಸುಕು. ನಡುವೆ ಮಾತ್ರ ಗಸಗಸೆ ಅಕ್ಷರ ರಾಗಿಯಾಗಿ ಎದ್ದು ಬಂತು. ಕೂಗಾಟ, ಶಿಳ್ಳೆ. ದೇವೀರಮ್ಮ ತನ್ನ ಅಂಗೈ ರೇಖೆಗಳನ್ನೇ ಅದರಡಿ ಹಿಡಿದು ಬಹಳ ಹೊತ್ತು ನೋಡಿದಳು. ಧೂಳಿಗೆ ಮಾತ್ರ ಆ ಮಸೂರ ಸಾಲದು. ಶ್ರೀಪಾದಯ್ಯನವರು ಧೂಳಿನ ಪುಸ್ತಕವನ್ನೇ ತೆಗೆಯುತ್ತಾರೆಂಬುದು ಎಲ್ಲರಿಗೂ ಗೊತ್ತಿತ್ತು. ಎಂಟು ಶುಕ್ರವಾರ ಉಳಿದಿದ್ದವು. ಆಗ ನಾನು, ಇನ್ನು ನನ್ನ ಗಸಗಸೆ ಪುಸ್ತಕ ತೆರೆಯೋಣ, ಅದರಲ್ಲಿ ಎಲ್ಲ ಇರುತ್ತದೆ ಎಂದೆ.

ಮೊದಲ ಪುಟ ಓದಿದೆ. ಯಾರಿಗೂ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಒಂದು ವಾಕ್ಯದ ಬಾಲ ಹಿಡಿದು ಇನ್ನೊಂದು ವಾಕ್ಯ, ಹೆಸರಿಟ್ಟ ಗೆರೆಗಳು, ಆ ಗೆರೆಗಳಿಗೆ ಇನ್ನೊಂದು ಹೆಸರು. ಗಾಜು ಎಂಬ ಮಾತೇ ಇರಲಿಲ್ಲ. "ಇನ್ನೊಂದ್ಸಲ ನಿಧಾನಕ್ಕೆ," ಎಂದಳು ದೇವೀರಮ್ಮ. ಓದಿದೆ. ಮತ್ತೊಂದು ಸಲ ಓದಿದೆ. ನಮಗೇ ದಡ್ಡತನ ಇರಬೇಕು, ಇಷ್ಟು ಜನ ಓದಿದ ಪುಸ್ತಕ ಅಲ್ಲವೇ ಎಂದು ನಾಲ್ಕನೇ ಸಲ ಶುರು ಮಾಡಿದೆ. ಅರ್ಧಕ್ಕೆ ಬಂದಾಗ ನನ್ನ ಕಣ್ಣೆದುರೇ ಸಾಲುಗಳು ಮಂಜಿನ ಹಾಗೆ ಎದ್ದು ಹೋದವು. ಪುಟ ಬೆಳ್ಳಗೆ ನಿಂತಿತು.

ಆಗ ಹೊಳೆಯಿತು ಅದು ಯಾಕೆ ಅಷ್ಟು ಸಣ್ಣದಾಗಿತ್ತೆಂದು. ಯಾರೂ ಅದನ್ನು ಹಚ್ಚಿಕೊಂಡಿರಲಿಲ್ಲ. ಒಂದೊಂದು ಪುಟವನ್ನೂ ಒಬ್ಬೊಬ್ಬರೂ ಅರ್ಥವಾಗದೆ ಮತ್ತೆ ಮತ್ತೆ, ಮತ್ತೆ ಮತ್ತೆ ಓದಿದ್ದರು, ನಮ್ಮ ಹಾಗೆಯೇ ತಮ್ಮನ್ನೇ ಬೈದುಕೊಳ್ಳುತ್ತ.

"ವರ್ಷಕ್ಕೆ ಎರಡು ಪುಸ್ತಕ. ಅದರಲ್ಲೊಂದು ಹೋಯ್ತು," ಎಂದು ಯಾರೋ ಹಿಂದಿನಿಂದ ಅಂದರು. ನಾನು ತಲೆ ಎತ್ತಲಿಲ್ಲ. ಅವತ್ತಿನಿಂದ ಮಿಲ್ಲಿನಲ್ಲಿ ಗಾಜು ಉಜ್ಜುವಾಗಲೂ ಬಟ್ಟಲಿನ ಸದ್ದು ಶುಕ್ರವಾರಗಳನ್ನು ಎಣಿಸಿದಂತೆ ಕೇಳುತ್ತಿತ್ತು.

ಒಂದೇ ಪುಟದ ಆ ಹೆಬ್ಬೆಟ್ಟಿನ ಅಧ್ಯಾಯವೊಂದೇ ಉಳಿದದ್ದು. ಅದು ಗಸಗಸೆಗಿಂತ ಸಣ್ಣ, ಧೂಳಿಗಿಂತ ಒಂದು ಕೂದಲು ದೊಡ್ಡ. ಒಮ್ಮೆ ಓದಿದರೆ ಧೂಳಾಗುತ್ತದೆ; ಎರಡನೇ ಸಲಕ್ಕೆ ಏನಾಗುತ್ತದೆಂದು ನೋಡಿ ಆಗಿತ್ತು. ದೇವೀರಮ್ಮ ಒಂದು ಉಪಾಯ ಹೇಳಿದಳು. ಸಾಲಾಗಿ ಕೂತ ಒಬ್ಬೊಬ್ಬರಿಗೂ ಒಂದೊಂದು ವಾಕ್ಯ. ನಿನ್ನ ವಾಕ್ಯ ಬಂದಾಗ ನೀನು ಕಟ್ಟಿಕೋ, ಉಳಿದದ್ದರ ಗೊಡವೆ ನಿನಗೆ ಬೇಡ. ನೆತ್ತಿಯ ಮೇಲೆ ಬಿಸಿಲು ಬಂದಾಗ ಹಸಿರು ಮಸೂರ ಹಿಡಿದು ಓದಿದೆ. ಬಿಸಿಲಿಗೆ ಸುರಿಯುವ ಕಣ್ಣೀರು ಪುಟದ ಮೇಲೆ ಬೀಳದಂತೆ ಸೆರಗಿನಿಂದ ಒರೆಸಿಕೊಳ್ಳುತ್ತ, ಒಂದು ವಾಕ್ಯ ಓದಿ ನಿಲ್ಲಿಸಿ, ಅದನ್ನು ಕೇಳಿದವರು ಮೂರು ಸಲ ಹೇಳಿಕೊಂಡ ಮೇಲೆ ಮುಂದಿನದು. ಇಪ್ಪತ್ತಮೂರನೇ ವಾಕ್ಯಕ್ಕೆ ಪುಟ ಅರ್ಧವಾಗಿತ್ತು. ಕೆಳಗಿನ ಅರ್ಧಕ್ಕೆ ಹಿಡಿದುಕೊಳ್ಳಲು ಜನರಿರಲಿಲ್ಲ. ಮಸೂರದ ಅಂಚಿನಲ್ಲಿ ಕಾಣುವ ಕಾಮನಬಿಲ್ಲಿನ ಗೆರೆಯನ್ನು ಹೋಗಲಾಡಿಸುವುದು ಹೇಗೆ ಎಂಬ ಮಾತು ಅಲ್ಲಿ ಶುರುವಾಗುತ್ತಿತ್ತು. ಅಲ್ಲಿಗೆ ನಿಲ್ಲಿಸಿದೆ. ಓದಿದ ಅರ್ಧ ಧೂಳಾಗಿತ್ತು, ಒಂದೇ ಪುಟವಲ್ಲವೇ, ಓದದ ಅರ್ಧವೂ ಅದರ ಜೊತೆಗೇ ಧೂಳಾಯಿತು.

ಸಣ್ಣೀರಯ್ಯನ ಪಾಲಿಗೆ ಬಂದ ವಾಕ್ಯ: ಎರಡು ಮಸೂರಗಳನ್ನು ಜೋಡಿಸುವಾಗ ಉಬ್ಬು ಮೈಗಳು ಒಂದಕ್ಕೊಂದು ಎದುರಾಗಿರಲಿ. ಅವನು ಅದನ್ನು ಮಿಲ್ಲಿನಲ್ಲಿ, ದಾರಿಯಲ್ಲಿ, ಉಣ್ಣುವಾಗ ಗೊಣಗುತ್ತಲೇ ಇದ್ದ. "ನಮ್ಮೆಜಮಾನ್ರಿಗೆ ಗಾಳಿ ಸೋಕ್ತು," ಎಂದು ಅವನ ಹೆಂಡತಿ ಊದುಬತ್ತಿ ಹಚ್ಚಿದಳಂತೆ. ಇನ್ನೊಬ್ಬಳ ಪಾಲಿಗೆ, ನಡುವೆ ಸಣ್ಣ ತೂತಿರುವ ಕರಿ ಕಾಗದವನ್ನು ಮಸೂರದ ಮುಂದಿಡುವ ವಾಕ್ಯ ಬಂದಿತ್ತು. ಇಪ್ಪತ್ತಮೂರು ಜನ ವೃತ್ತವಾಗಿ ಕೂತು ಒಬ್ಬರಾದ ಮೇಲೊಬ್ಬರು ತಮ್ಮ ವಾಕ್ಯ ಹೇಳಿದರೆ ಅಧ್ಯಾಯ ಎದ್ದು ನಿಲ್ಲುತ್ತಿತ್ತು. ತುಪ್ಪದ ಮಿಳ್ಳೆಯಲ್ಲಿ ಉಜ್ಜಿದ ಎರಡು ಪುಟ್ಟ ಮಸೂರ, ಬೆನ್ನಿಗೆ ಬೆನ್ನಲ್ಲ, ಹೊಟ್ಟೆಗೆ ಹೊಟ್ಟೆ. ಕಾರ್ತಿಕದ ಮೂರನೇ ಶುಕ್ರವಾರ ಧೂಳು ಅಕ್ಷರವಾಯಿತು.

ಅಷ್ಟರಲ್ಲಿ ಕೆರೆಕೇರಿಯ ಓದುಮನೆಗೂ ಗೋಣಿಚೀಲ ಹೋಗಿತ್ತು, ಮೇದರ ಕೇರಿಗೂ ಹೋಗಿತ್ತು. ಅವರು ಬಂದು, ಮಸೂರ ಮಾಡುವುದು ಹೇಗೆಂದು ಕೇಳಿದರು. ಮಾಘದಲ್ಲಿ ಮೂರು ಕೇರಿಯವರೂ ಒಟ್ಟಿಗೆ ಕೂತು, ವಾಕ್ಯಕ್ಕೆ ಮೂವರಂತೆ, ಉಳಿದ ಅರ್ಧ ಪುಟವನ್ನು ಒಂದೇ ಸಲ ಕೇಳುವುದೆಂದು ಮಾತಾಯಿತು.

ಕೊನೆಯ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಶ್ರೀಪಾದಯ್ಯನವರು ಬಂದರು. ಹಿಂದೆ ಖಾಲಿ ಗೋಣಿಚೀಲದ ಗಾಡಿಯೂ ಬಂತು. ನಮ್ಮ ಮಸೂರ ನೋಡಿ, "ಇದೇನಿದು, ಸೋಡಾ ಬುಡ್ಡಿಯೇ?" ಎಂದರು. ಧೂಳಿನ ಪುಸ್ತಕವೊಂದನ್ನು ತೆಗೆದು ಕೊಟ್ಟರು. ಎರಡು ಸಾಲು ಓದಿದೆ. ಇನ್ನೊಂದು ಕೊಟ್ಟರು. ಓದಿದೆ. ಅವರ ಮುಖ ಬಿಗಿಯಿತು. ಕಪಾಟಿನಿಂದ ದೂರದಲ್ಲಿ, ದೇವೀರಮ್ಮನ ಚಾಪೆಯ ಪಕ್ಕ, ಬಟ್ಟೆಯಲ್ಲಿ ಸುತ್ತಿಟ್ಟದ್ದು ಅವರ ಕಣ್ಣಿಗೆ ಬಿತ್ತು. ಬಿಚ್ಚಿದರು. ಪುಟ ತಾನಾಗಿ ಹೆಬ್ಬೆಟ್ಟಿನ ಬಳಿ ತೆರೆದುಕೊಂಡಿತು.

"ಇದನ್ನು ಓದು. ಮೇಲಿನಿಂದ ಕೆಳಗಿನವರೆಗೂ."

"ಓದಿದ್ರೆ ಬೆಳ್ಳಗಾಯ್ತದೆ ಸ್ವಾಮಿ."

"ಆಗಲಿ. ಓದೋಕೆ ತಾನೇ ಪುಸ್ತಕ ಇರೋದು?" ಅವರು ನಕ್ಕರು. ಸುತ್ತ ಕೂತವರ ಕಡೆ ನೋಡಿದರು. ಆಗಲೇ ಸಣ್ಣೀರಯ್ಯ ಚಕ್ಕಳಮಕ್ಕಳ ಹಾಕಿ ಕಿವಿ ನೆಟ್ಟಗೆ ಮಾಡಿ ಕೂತಿದ್ದ, ಒಬ್ಬೊಬ್ಬರೂ ಒಂದೊಂದು ವಾಕ್ಯಕ್ಕೆ ಸಿದ್ಧರಾಗಿದ್ದರು. ಅದೇನೆಂದು ಅವರಿಗೆ ತಿಳಿಯಿತೋ ಇಲ್ಲವೋ, ಯಾವುದೋ ಅನುಮಾನ ಬಂತು. "ಎಲ್ಲ ಹೊರಗೆ ನಡೀರಿ. ಹೇಳಿಕೊಡೋರು ಯಾರೂ ಇರಬಾರದು. ಬಾಗಿಲು ಹಾಕಿ. ಇವಳೊಬ್ಬಳೇ ಓದಲಿ."

ಎಲ್ಲರನ್ನೂ ಎಬ್ಬಿಸಿದರು. ದೇವೀರಮ್ಮ ಗೋಡೆ ತಡವಿಕೊಂಡು ಹೊರಗೆ ಹೋದಳು. ಹೋಗುವಾಗ ಒಮ್ಮೆ ತಿರುಗಿದಳು. ಆಗ ನಾನು ಮಾತಾಡುತ್ತಿರಲಿಲ್ಲ, ಆದರೂ ಸರಿಯಾಗಿ ನನ್ನ ಕಡೆಗೇ ತಿರುಗಿದಳು. ಬಾಗಿಲು ಮುಚ್ಚಿತು. ಓದಿದರೆ ಓದುಮನೆ ಉಳಿಯುತ್ತದೆ. ಮೂರು ಕೇರಿಯ ಅರ್ಧ ಪುಟ ನನ್ನೊಬ್ಬಳ ಬಾಯಿಂದ ಈ ಮನುಷ್ಯನ ಕಿವಿಗೆ ಬಿದ್ದು ಇಲ್ಲವಾಗುತ್ತದೆ. ನನ್ನ ತಲೆಯಲ್ಲಿ ನಿಲ್ಲುವುದು ಒಂದು ವಾಕ್ಯ, ಹೆಚ್ಚೆಂದರೆ ಎರಡು. ಮಸೂರವನ್ನು ಪುಟದ ಮೂಲೆಯ ಗುರುತಿನ ಮೇಲೆ ಹಿಡಿದೆ. ಆ ಕೆಂಪು ಹೆಬ್ಬೆಟ್ಟಿನ ಯಜಮಾನ ಪುಟದ ಈ ಮೂಲೆಯಲ್ಲಿ ಯಾಕೆ ನಿಲ್ಲಿಸಿದ, ಯಾಕೆ ಮುಗಿಸಲಿಲ್ಲ ಎಂದು ಆ ಹೊತ್ತಿಗೆ ನನಗೆ ತಿಳಿದ ಹಾಗಾಯಿತು: ಮುಂದೆ ಬರುವ ನಮ್ಮವರಿಗೆ ಉಳಿಯಲಿ ಎಂದು.

"ಓದಮ್ಮ. ನನಗೆ ಬೇರೆ ಕೆಲಸವಿದೆ."

"ಮಸೂರ ಸರಿಯಾಗಿದ್ಯೋ ಇಲ್ವೋ ನೋಡ್ಬೇಕು ಅಷ್ಟೇ ತಾನೆ?" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು. "ನಿಮ್ ಚೀಲದಲ್ಲಿರೋ ನಿಯಮದ ಪುಸ್ತಕ ತೆಗೀರಿ. ಅದನ್ನ ಓದ್ತೀನಿ. ಮೊದಲ್ನೇ ಪುಟದಿಂದ. ಅವರೆಕಾಳು ರಾಗಿಯಾಗೋಗಂಟ, ರಾಗಿ ಗಸಗಸೆಯಾಗೋಗಂಟ. ಧೂಳಾದ್ಮೇಲೆ ಈ ಮಸೂರ ಹಿಡ್ಕೊಂಡು ಓದ್ತೀನಿ. ಬೆಳ್ಳಗಾಗೋಗಂಟ ಓದ್ತೀನಿ. ಮಧ್ಯ ಒಂದು ಗುಟುಕು ನೀರೂ ಕೇಳಲ್ಲ."

ಶ್ರೀಪಾದಯ್ಯನವರ ಕೈ ಚೀಲದ ಬಾಯಿಯನ್ನು ಮುಚ್ಚಿ ಹಿಡಿಯಿತು. ಹೊರಗೆ ಗಾಡಿಯ ಎತ್ತುಗಳ ಗೆಜ್ಜೆ ಅಲ್ಲಾಡಿತು. ಕಿಟಕಿಯ ಸಂದಿನಲ್ಲಿ ಸಣ್ಣೀರಯ್ಯ ತನ್ನ ವಾಕ್ಯವನ್ನು ಗೊಣಗುತ್ತಿದ್ದದ್ದು ನಿಂತಿತು.

"ಕೊನೇ ಸಲ ಹೇಳ್ತಾ ಇದ್ದೀನಿ," ಎಂದರು. "ಆ ಪುಟ ಓದು."

ನಾನು ಮಸೂರವನ್ನು ಮಡಿಲಿಗೆ ಹಾಕಿಕೊಂಡೆ. ಆ ಹೆಬ್ಬೆಟ್ಟಿನ ಮೇಲೆ ನನ್ನ ಹೆಬ್ಬೆಟ್ಟನ್ನು ಒತ್ತಿ, ಪುಸ್ತಕ ಮುಚ್ಚಿದೆ.

"ಓದಲ್ಲ," ಎಂದೆ.